ಅತ್ತೆಯವರ ಫ್ಲಾಪಿಗೆ ಸದ್ದು ಹಚ್ಚಿದ್ದು

ಹೋದ ವಾರ ನಮ್ಮ ಮನೆಯಲ್ಲಿ ಒಂದು ಯಂತ್ರಕ್ಕೆ ಸುಳ್ಳು ಹೇಳುವುದನ್ನು ಕಲಿಸಲಾಯಿತು. ಕಲಿಸಿದವರು ನನ್ನ ಗಂಡ. ಕಲಿಸಲೇಬೇಕು ಅಂತ ಪಟ್ಟು ಹಿಡಿದವರು ನನ್ನ ಅತ್ತೆ. ನಾನು? ಚಹಾ ಮಾಡುತ್ತಿದ್ದೆ.

ಮೊದಲು ಅತ್ತೆಯವರ ವಿಷಯ. ಅವರು ವಿಜಾಪುರದ ಒಂದು ಸರ್ಕಾರಿ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವರು. ರಿಟೈರ್ ಆಗುವ ವರ್ಷ ಆಫೀಸಿನವರು ಹಳೆಯ ಕಂಪ್ಯೂಟರ್‌ಗಳನ್ನು ಹರಾಜು ಹಾಕಿದರು. ತಾವು ಇಷ್ಟು ವರ್ಷ ಕುಟ್ಟಿದ ಕಂಪ್ಯೂಟರನ್ನೇ ಅತ್ತೆಯವರು ಹರಾಜಿನಲ್ಲಿ ಹಿಡಿದರು. (ಬೇರೆ ಯಾರೂ ಕೂಗಲಿಲ್ಲ ಅನ್ನುವುದು ನನ್ನ ಗಂಡನ ಟಿಪ್ಪಣಿ.) ನಿಯಮದ ಪ್ರಕಾರ ಒಳಗಿನ ಹಾರ್ಡ್ ಡಿಸ್ಕ್ ಕಳಚಿಕೊಂಡೇ ಕೊಟ್ಟರು. ಹಾಗಾಗಿ ಆ ಡಬ್ಬಿಗೆ ಸ್ವಂತ ನೆನಪು ಅಂತ ಇಲ್ಲ. ಏನೇ ಬರೆದರೂ ಫ್ಲಾಪಿಯಲ್ಲೇ ಇಡಬೇಕು.

ಆ ಡಬ್ಬಿಯೂ ಅತ್ತೆಯವರೂ ಒಂದೇ ಟೆಂಪೋದಲ್ಲಿ ನಾಶಿಕ್‌ಗೆ ಬಂದರು. ನನ್ನ ಗಂಡ ಗುರುರಾಜ್ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ನಾನು ಇಲ್ಲೇ ಒಂದು ಕೇಂದ್ರ ಸರ್ಕಾರದ ಆಫೀಸಿನಲ್ಲಿದ್ದೇನೆ. ಬೆಳಿಗ್ಗೆ ನಾವಿಬ್ಬರೂ ಹೊರಟರೆ ಮನೆಯಲ್ಲಿ ಉಳಿಯುವವರು ಅವರಿಬ್ಬರೇ, ಅತ್ತೆ ಮತ್ತು ಡಬ್ಬಿ. ಮರಾಠಿ ಅವರಿಗೆ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಹೀಗೆ ಎಷ್ಟು ದಿನ ಕೂರುತ್ತಾರೆ ಅಂತ ನನಗೆ ಚಿಂತೆಯಾಗಿತ್ತು.

ಆಗ ಸಿಕ್ಕಿದ್ದು ಪಟ್ಟಿ.

ಇಲ್ಲಿಯ ಕನ್ನಡ ಸಂಘದವರು ಪ್ರತಿವರ್ಷ ರಾಜ್ಯೋತ್ಸವಕ್ಕೆ ಒಂದು ಪುಟ್ಟ ಪುಸ್ತಕ ಹಾಕುತ್ತಾರೆ. ನಾಶಿಕ್, ಓಝರ್‌ನಿಂದ ಹಿಡಿದು ಔರಂಗಾಬಾದ್‌ವರೆಗೆ ಇರುವ ಕನ್ನಡದ ಮನೆಗಳ ಪಟ್ಟಿ ಅದು. ಹೆಸರು, ಮೂಲ ಊರು, ಈಗಿನ ವಿಳಾಸ, ಫೋನು. ನೂರಾ ಎಂಬತ್ತು ಮನೆ. ಅದನ್ನು ಟೈಪ್ ಮಾಡಿ ಕೊಡುವ ಕೆಲಸ ಅತ್ತೆಯವರ ಪಾಲಿಗೆ ಬಂತು. ಕೇಳಲು ಸುಲಭ. ಆದರೆ ನಮ್ಮವರೆಲ್ಲ ಟ್ರಾನ್ಸ್‌ಫರ್ ಗಿರಾಕಿಗಳು. ಇವತ್ತು ಯೇವಲಾದಲ್ಲಿದ್ದ ಬ್ಯಾಂಕಿನವರು ನಾಳೆ ಸಿಲ್ಲೋಡ್‌ನಲ್ಲಿರುತ್ತಾರೆ. ಇವೆಲ್ಲ ಅತ್ತೆಯವರಿಗೆ ಗೊತ್ತಿರಬೇಕು. ಗೊತ್ತಿರುತ್ತದೆ. (ದಿಂಡೋರಿಯ ವೈನರಿಯಲ್ಲಿ ಕೆಲಸ ಮಾಡುವ ಅಂಗಡಿ ಅನ್ನುವವರ ಹೆಸರಿನ ಮುಂದೆ ಮಾತ್ರ ‘ದ್ರಾಕ್ಷಿ ಫ್ಯಾಕ್ಟರಿ’ ಅಂತಲೇ ಇದೆ. ವೈನರಿ ಅಂತ ಟೈಪ್ ಮಾಡಲು ಅವರ ಬೆರಳು ಒಪ್ಪಿಲ್ಲ.)

ಒಂದು ಸಲ ಔರಂಗಾಬಾದ್‌ಗೆ ಹೊಸದಾಗಿ ಬಂದ ಹುಡುಗಿಯೊಬ್ಬಳಿಗೆ ಮಧ್ಯಾಹ್ನ ಹೆರಿಗೆ ನೋವು ಶುರುವಾಯಿತು. ಗಂಡ ಟೂರ್ ಮೇಲಿದ್ದ. ಆಕೆ ಪಟ್ಟಿ ತೆರೆದು ಎರಡು ಗಲ್ಲಿ ಆಚೆಯ ಕನ್ನಡದ ಮನೆಗೆ ಫೋನ್ ಮಾಡಿದಳು. ಅವರು ರಿಕ್ಷಾ ತಂದರು. ಆ ಮಗುವಿನ ನಾಮಕರಣಕ್ಕೆ ಅತ್ತೆಯವರಿಗೆ ಸೀರೆ ಬಂತು. ಈ ಊರಲ್ಲಿ ಎಲ್ಲರೂ ಅವರನ್ನು ‘ಕಾಕು’ ಅನ್ನುತ್ತಾರೆ, ಚಿಕ್ಕಮ್ಮ ಅಂತ. ದಿನಕ್ಕೆ ನಾಲ್ಕಾದರೂ ಫೋನ್ ಬರುತ್ತದೆ. ಎಲ್ಲ ಆ ಪಟ್ಟಿಯ ದೆಸೆಯಿಂದ.

ಇಂಥ ಹೊತ್ತಿಗೆ ಫ್ಲಾಪಿ ಡ್ರೈವ್ ಸತ್ತಿತು.

ಅತ್ತೆಯವರಿಗೆ ಅದು ಮುಂಚೆಯೇ ಗೊತ್ತಾಗಿತ್ತಂತೆ. ಕುಕ್ಕರ್ ಸದ್ದು ಕೇಳಿಯೇ ಒಳಗೆ ನೀರಿದೆಯೋ ಇಲ್ಲವೋ ಹೇಳುತ್ತೇವಲ್ಲ, ಹಾಗೆ. ಮೊದಲು ಕರ್ರ್, ಆಮೇಲೆ ಕಟಕ್ ಕಟಕ್, ಕೊನೆಗೆ ಟಕ್. ಇದು ಆರೋಗ್ಯವಂತ ಫ್ಲಾಪಿಯ ಸದ್ದು. ಆ ದಿನ ಬರೀ ಕರ್ರ್ ಬಂತು, ಮುಂದಿನದು ಬರಲಿಲ್ಲ.

ಸಂಘದ ಕಾರ್ಯದರ್ಶಿ ಹಿರೇಮಠರಿಗೆ ಸುದ್ದಿ ಹೋಯಿತು. ಅವರು ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರು ಹೇಳಬಾರದ ಮಾತನ್ನು ಫೋನಿನಲ್ಲಿ ಬಹಳ ಮರ್ಯಾದೆಯಿಂದ ಹೇಳಿದರು.

“ಕಾಕೂ, ಭಾಳ ವರ್ಷ ಮಾಡೀರಿ. ಇನ್ನ ಆರಾಮ ತಗೋರಿ. ಡಿಟಿಪಿ ಅಂಗಡ್ಯಾಗ ಕೊಟ್ಟರ ಎಕ್ಸೆಲ್‌ನ್ಯಾಗ ಎರಡ ದಿವಸದಾಗ ಹಾಕಿ ಕೊಡ್ತಾರ.”

ಅತ್ತೆಯವರು “ಆತ್ರಿ” ಅಂದು ಫೋನ್ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿದರು. “ಆರಾಮ ತಗೋ ಅಂದ್ರ ಏನ್ ಮಾಡಬೇಕಂತ ವಿದ್ಯಾ? ಗ್ವಾಡಿ ನೋಡ್ಕೊಂತ ಕೂಡ್ಲೇನು ನಾ?”

ನಾನು ಚಹಾಕ್ಕೆ ನೀರಿಟ್ಟೆ. ಆದರೆ ಗುರುರಾಜರ ಹತ್ತಿರ ಒಂದು ಯಂತ್ರವಿತ್ತು. ಅಂದರೆ, ಅದನ್ನು ತರಲು ಒಂದು ನೆಪ ಅವರಿಗೆ ಸಿಕ್ಕಿತ್ತು. ಮರುದಿನವೇ ರಜೆ ಹಾಕಿ ಪಂಚವಟಿ ಎಕ್ಸ್‌ಪ್ರೆಸ್ ಹತ್ತಿ ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡ್‌ಗೆ ಹೋಗಿಬಂದರು. (ಮಿಕ್ಸರ್ ರಿಪೇರಿಗೆ ಇದೇ ಊರಿನ ಪಂಚವಟಿ ಬಡಾವಣೆಯ ಅಂಗಡಿಗೆ ಹೋಗಲು ಇದೇ ಮನುಷ್ಯನಿಗೆ ಎರಡು ತಿಂಗಳಿಂದ ಟೈಮ್ ಸಿಕ್ಕಿಲ್ಲ.)

ತಂದದ್ದು ಫ್ಲಾಪಿ ಎಮ್ಯುಲೇಟರ್. ಹೊರಗಿನಿಂದ ಅಚ್ಚು ಫ್ಲಾಪಿ ಡ್ರೈವ್. ಅದೇ ಸೈಜು, ಅದೇ ಪ್ಲಗ್ಗು. ಆದರೆ ಫ್ಲಾಪಿ ತೂರಿಸುವ ಬಾಯಿ ಇಲ್ಲ. ಅಲ್ಲಿ ಪೆನ್ ಡ್ರೈವ್ ಹಾಕಲು ಒಂದು ಕಿಂಡಿ, ಎರಡು ಬಟನ್ನು, ನಂಬರ್ ತೋರಿಸುವ ಒಂದು ಕೆಂಪು ದೀಪ. ಒಳಗೆ ಒಂದು ಮೈಕ್ರೋಕಂಟ್ರೋಲರ್ ಚಿಪ್ಪು. ಅದರ ಕೆಲಸ ಏನು ಗೊತ್ತೇ? ನಾಟಕ. ಕಂಪ್ಯೂಟರ್ ಕೇಳುತ್ತದೆ, ಫ್ಲಾಪಿ ಇದ್ದೀಯಾ? ಚಿಪ್ಪು ಹೇಳುತ್ತದೆ, ಇದ್ದೇನೆ. ಹದಿನೇಳನೇ ಟ್ರ್ಯಾಕ್‌ಗೆ ಹೋಗು. ಹೋದೆ. (ಎಲ್ಲಿಗೂ ಹೋಗಿಲ್ಲ.) ಇದನ್ನು ಬರೆದುಕೋ. ಬರೆದುಕೊಂಡೆ. ಇದೊಂದು ಮಾತ್ರ ನಿಜ. ಪೆನ್ ಡ್ರೈವ್‌ನಲ್ಲಿ ನಿಜವಾಗಿಯೂ ಬರೆದುಕೊಳ್ಳುತ್ತದೆ. ಹಳೆಯ ಕಂಪ್ಯೂಟರ್‌ಗೆ ಮೋಸ ಹೋದದ್ದು ಗೊತ್ತೇ ಆಗುವುದಿಲ್ಲ.

ಒಂದು ಪೆನ್ ಡ್ರೈವ್‌ನಲ್ಲಿ ನೂರು ಫ್ಲಾಪಿಗಳ ಜಾಗ. ಸೊನ್ನೆ ನಂಬರಿನಲ್ಲಿ ಪ್ರೋಗ್ರಾಂ, ಒಂದನೇ ನಂಬರಿನಲ್ಲಿ ಪಟ್ಟಿ. ಹಳೆಯ ಫ್ಲಾಪಿಯನ್ನು ಸ್ನೇಹಿತರ ಡ್ರೈವ್‌ನಲ್ಲಿ ಓದಿಸಿ ಗುರುರಾಜ್ ಎಲ್ಲವನ್ನೂ ಇದಕ್ಕೆ ತುಂಬಿದರು. ಭಾನುವಾರ ಬೆಳಿಗ್ಗೆ ಉದ್ಘಾಟನೆ. ಅತ್ತೆಯವರು ಕೂತರು, ಒಂದು ಫೋನ್ ನಂಬರ್ ತಿದ್ದಿದರು, ಸೇವ್ ಒತ್ತಿದರು. ಕಿವಿ ಹತ್ತಿರ ತಂದರು.

“ಸಪ್ಪಳಾನ ಬರಲಿಲ್ಲಲ್ಲೋ.”

“ಬರೂದಿಲ್ಲವ್ವಾ. ಒಳಗ ತಿರಗೂದು ಏನೂ ಇಲ್ಲ.”

“ತಿರಗಲಾರದ ಹೆಂಗ ಬರಕೊಂತದ?”

“ಬರಕೊಂಡದ.”

“ನೀ ನೋಡಿದೇನು?”

ವಿಮಾನದ ವೈರಿಂಗ್ ಪರೀಕ್ಷೆ ಮಾಡುವ ಮನುಷ್ಯ ಸ್ಕ್ರೂಡ್ರೈವರ್ ಎತ್ತಿಟ್ಟು ಸ್ನಾನಕ್ಕೆ ಹೋದರು.

ಮುಂದಿನ ಐದು ದಿನ ನಾವು ಆಫೀಸಿಗೆ ಹೋದ ಮೇಲೆ ಏನಾಯಿತು ಅಂತ ನಮಗೆ ತಿಳಿದದ್ದು ಶನಿವಾರ. ಹಿರೇಮಠರು ಪಟ್ಟಿ ಕೇಳಿದ್ದರು. ಗುರುರಾಜ್ ಪೆನ್ ಡ್ರೈವ್ ತೆಗೆದು ಲ್ಯಾಪ್‌ಟಾಪ್‌ಗೆ ಹಾಕಿದರು. ನೋಡಿದರೆ, ಪಟ್ಟಿ ಒಂದಲ್ಲ. ನಲವತ್ತೊಂದು.

ಆದದ್ದು ಇಷ್ಟು. ಅತ್ತೆಯವರು ಸೇವ್ ಒತ್ತುತ್ತಾರೆ. ಸದ್ದಿಲ್ಲ. ಅಂದರೆ ಬರೆದುಕೊಂಡಿಲ್ಲ. ಬಟನ್ ಒತ್ತಿ ಮುಂದಿನ ನಂಬರಿನಲ್ಲಿ ಮತ್ತೆ ಸೇವ್. ಅಲ್ಲೂ ಸದ್ದಿಲ್ಲ. ಮತ್ತೊಂದು. ಮರುದಿನ ಯಾವ ನಂಬರ್ ಎದುರಿಗೆ ಬಂತೋ ಅದನ್ನು ತೆರೆದು ಹೊಸ ತಿದ್ದುಪಡಿ. ಹೀಗಾಗಿ ಪ್ರತಿ ಪಟ್ಟಿಯೂ ಒಂದೊಂದು ಕಡೆ ಸರಿ, ಒಂದೊಂದು ಕಡೆ ತಪ್ಪು. ಬ್ಯಾಂಕಿನ ಕಟ್ಟಿಯವರು ಏಳನೆಯದರಲ್ಲಿ ಯೇವಲಾದಲ್ಲಿದ್ದರು, ಹತ್ತೊಂಬತ್ತನೆಯದರಲ್ಲಿ ಸಿಲ್ಲೋಡ್‌ಗೆ ಹೋಗಿದ್ದರು, ಮೂವತ್ತರಲ್ಲಿ ವಾಪಸ್ ಬಂದಿದ್ದರು. ನಾಲ್ಕು ತಿಂಗಳ ಹಿಂದೆ ತೀರಿಕೊಂಡ ಹಿರಿಯರೊಬ್ಬರು ಹನ್ನೆರಡನೇ ಪಟ್ಟಿಯಲ್ಲಿ ಆರಾಮಾಗಿದ್ದರು.

ನಾನು ನಕ್ಕೆ. ಅತ್ತೆಯವರ ಮುಖ ನೋಡಿ ನಿಲ್ಲಿಸಿದೆ. ಅವರು ಬಿಳಿಚಿಕೊಂಡಿದ್ದರು.

“ಹಿರೇಮಠರಿಗೆ ಹೇಳಬ್ಯಾಡ್ರಿ” ಅಂತ ಮಗನೊಬ್ಬನಿಗೇ ಅಂದರು. ತಮ್ಮ ಮಗನಿಗೂ ಸೊಸೆಗೂ ಯಾವತ್ತೂ ‘ರಿ’ ಹಚ್ಚದವರು. “ಮಂಗಳವಾರತನಕ ಟೈಮ್ ಕೇಳು ಗುರು. ಎಲ್ಲಾ ಅಳಸು. ಒಂದ ನಂಬರಿಂದಷ್ಟ ಇಡು.”

ಭಾನುವಾರ, ಮತ್ತೆ ನಾವಿಬ್ಬರೂ ರಜೆ ಹಾಕಿದ ಸೋಮವಾರ, ನಮ್ಮ ಮನೆಯಲ್ಲಿ ಎರಡು ಕೆಲಸ ನಡೆದವು. ಅತ್ತೆಯವರು ಕಿಟಕಿ ಪಕ್ಕ ಕೂತು ಪಟ್ಟಿ ತಿದ್ದುತ್ತಿದ್ದರು. ಅವರ ಎದುರು ಕಾಗದವಿಲ್ಲ, ಹಳೆಯ ಪುಸ್ತಕವಿಲ್ಲ. ನೂರಾ ಎಂಬತ್ತು ಮನೆಯನ್ನು ತಲೆಯಿಂದಲೇ ಒಂದೊಂದಾಗಿ ಇಳಿಸುತ್ತಿದ್ದರು.

ಗುರುರಾಜ್ ಹಾಲ್‌ನ ನಡುವೆ ಕೂತು ಸದ್ದು ತಯಾರಿಸುತ್ತಿದ್ದರು.

ಹೌದು, ಸದ್ದು. ಫ್ಲಾಪಿ ನಾಟಕ ಮಾಡುತ್ತದೆ ಅಂದಮೇಲೆ ಡೈಲಾಗ್ ಯಾಕಿರಬಾರದು? ಹೆಬ್ಬೆರಳಿನಷ್ಟು ಇನ್ನೊಂದು ಮೈಕ್ರೋಕಂಟ್ರೋಲರ್ ಬೋರ್ಡು, ಹಳೆಯ ರೇಡಿಯೋದ ಒಂದು ಸ್ಪೀಕರು. ಕಂಪ್ಯೂಟರ್ ‘ಮುಂದಿನ ಟ್ರ್ಯಾಕ್‌ಗೆ ಸರಿ’ ಅಂತ ಹೇಳುವ ವೈರಿಗೆ ಇದನ್ನು ಸೇರಿಸಿದರು. ಅದು ಪ್ರತಿ ಸಲ ಹೇಳಿದಾಗಲೂ ಸ್ಪೀಕರು ‘ಕಟಕ್’ ಅನ್ನಬೇಕು. ಇಷ್ಟಕ್ಕೆ ಸೋಲ್ಡರಿಂಗ್ ಹೊಗೆ, ನೆಲದ ತುಂಬ ವೈರು, ಮಧ್ಯೆ ಮಧ್ಯೆ ‘ವಿದ್ಯಾ, ಇಲ್ಲಿ ನೋಡು’ ಅನ್ನುವ ಕೂಗು. (ತಿಂಗಳಿಗೊಮ್ಮೆ ಫ್ಯಾನ್ ಒರೆಸುವಾಗಲೂ ಹೀಗೆಯೇ. ಸ್ಟೂಲು ಎಳೆಯುವ ಸದ್ದಿಗೆ ಕೆಳಗಿನ ಮನೆಯವರೂ ಮೇಲೆ ನೋಡುತ್ತಾರೆ.) ನಾನು ಹೋಗಿ ನೋಡಿದೆ. ‘ಭಾರೀ ಆಗಿದೆ’ ಅಂದೆ. ಮೂರು ಸಲ ಚಹಾ ಕೊಟ್ಟೆ.

ಸೋಮವಾರ ಸಂಜೆ ಪರೀಕ್ಷೆ. ಅತ್ತೆಯವರು ಕಣ್ಣು ಮುಚ್ಚಿ ಕೇಳಿದರು.

“ಇದು ನಮ್ಮದಲ್ಲ.”

“ಯಾಕವ್ವಾ?”

“ನಮ್ಮದು ಶುರುವಿಗೆ ಒಮ್ಮೆ ನರಳತಿತ್ತು.”

ಗುರುರಾಜ್ ಮೋಟಾರಿನ ಕರ್ರ್ ಸೇರಿಸಿದರು. ಮತ್ತೆ ಪರೀಕ್ಷೆ. “ಕಡೀಕ ಒಂದ್ ಟಕ್ ಬೇಕಲ್ಲ.” ಅದನ್ನೂ ಸೇರಿಸಿದರು. ಮೂರನೇ ಸಲ ಕರ್ರ್, ಕಟಕ್ ಕಟಕ್, ಟಕ್. ಅತ್ತೆಯವರು ಬೆನ್ನು ಕುರ್ಚಿಗೆ ಆನಿಸಿದರು. “ಹಾಂ. ಈಗ ಬರಕೊಂತು.”

“ಅವ್ವಾ, ಆ ಸಪ್ಪಳಕ್ಕೂ ಬರಕೊಳ್ಳೂದಕ್ಕೂ ಸಂಬಂಧಾನ ಇಲ್ಲ. ಅದು ಬರೇ ಸರಿಯೂದರ ಸಪ್ಪಳ” ಅಂತ ಗುರುರಾಜ್ ವಿವರಿಸಲು ಹೋದರು. ಯಾರೂ ಕೇಳಿಸಿಕೊಳ್ಳಲಿಲ್ಲ.

ಅತ್ತೆಯವರನ್ನು ನೋಡಿ ನಗುವ ಹಕ್ಕು ನನಗಂತೂ ಇಲ್ಲ. ನನ್ನ ಆಫೀಸಿಗೆ ಅರ್ಜಿ ಕೊಡಲು ಬರುವವರ ಎದುರು ನಾನು ಅರ್ಜಿ ಓದುತ್ತೇನೆ, ತಪ್ಪಿದ್ದರೆ ತಿದ್ದಿಸುತ್ತೇನೆ, ಸಹಿ ಹಾಕುತ್ತೇನೆ. ಅವರು ಕದಲುವುದಿಲ್ಲ. ಆಮೇಲೆ ರಬ್ಬರ್ ಸ್ಟ್ಯಾಂಪನ್ನು ಧಪ್ ಅಂತ ಕುಟ್ಟಬೇಕು. ಆಗ “ಝಾಲಂ ಕಾ ಮ್ಯಾಡಮ್?” (ಆಯಿತಾ?) ಅಂತ ಕೇಳಿ, ಸಮಾಧಾನದಿಂದ ಹೋಗುತ್ತಾರೆ. ಕೆಲಸವಾದದ್ದು ಪೆನ್ನಿನಿಂದ, ನಂಬಿಕೆ ಬಂದದ್ದು ಧಪ್‌ನಿಂದ. ನನ್ನ ಪಕ್ಕದ ಟೇಬಲ್ಲಿನವರು ಪೆನ್ನು ಮುಟ್ಟುವುದೇ ಅಪರೂಪ, ಆದರೆ ಸ್ಟ್ಯಾಂಪು ಎಷ್ಟು ಜೋರಾಗಿ ಕುಟ್ಟುತ್ತಾರೆಂದರೆ ಜನ ಅವರನ್ನೇ ಹುಡುಕಿಕೊಂಡು ಬರುತ್ತಾರೆ. ನಿಮ್ಮ ಆಫೀಸಿನಲ್ಲಿ ಇಂಥವರಿಲ್ಲವೇ? ಯೋಚಿಸಿ ನೋಡಿ. ಬಹುಶಃ ಪ್ರಮೋಷನ್ ಆಗಿ ಹೋಗಿರಬೇಕು.

ಮಂಗಳವಾರ ಬೆಳಿಗ್ಗೆ ಹಿರೇಮಠರ ಫೋನ್ ಬಂತು. ಅತ್ತೆಯವರು ಸ್ಪೀಕರ್ ಮೇಲೆ ಹಾಕಿದರು.

“ಕಾಕೂ, ಪಟ್ಟಿ ಫೈನಲ್ ಆತೇನ್ರಿ? ಪಕ್ಕಾ? ಇಲ್ಲಂದ್ರ ಹೇಳ್ರಿ, ನಾ ಇವತ್ತ ಡಿಟಿಪಿಯವ್ರಿಗೆ ಹೇಳ್ತೀನಿ. ಬ್ಯಾಸರ ಮಾಡ್ಕೋಬ್ಯಾಡ್ರಿ.”

ಅತ್ತೆಯವರು ಎರಡು ದಿನದ ಕಥೆ ಹೇಳಲಿಲ್ಲ. ತಲೆಯಿಂದ ಇಳಿಸಿದ ನೂರಾ ಎಂಬತ್ತು ಮನೆಯ ಮಾತೂ ಆಡಲಿಲ್ಲ. “ಒಂದ್ ನಿಮಿಷ ತಡೀರಿ” ಅಂದು ಸೇವ್ ಒತ್ತಿ, ಮೊಬೈಲನ್ನು ಡಬ್ಬಿಯ ಹತ್ತಿರ ಹಿಡಿದರು.

ಕರ್ರ್. ಕಟಕ್ ಕಟಕ್. ಟಕ್.

“ಕೇಳಸ್ತೇನ್ರಿ?”

ಹಿರೇಮಠರ ದನಿಯೇ ಬದಲಾಯಿತು. “ಕೇಳಸ್ತು ಕೇಳಸ್ತು. ಏನ್ ಕೆಲಸ ಮಾಡ್ತದರಿ ಕಾಕೂ ನಿಮ್ಮ ಮಷೀನು! ಹಂಗಾದ್ರ ಪಕ್ಕಾ ಆತು. ಮುಂದಿನ ವರ್ಷದ್ದೂ ನೀವ ಮಾಡ್ರಿ ಮತ್ತ.”

ಅಷ್ಟೇ. ಪಟ್ಟಿ ಅತ್ತೆಯವರ ಕೈಯಲ್ಲೇ ಉಳಿಯಿತು. ಅವರು ಫೋನ್ ಇಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಸ್ಪೀಕರಿನ ಮೇಲೆ ಒಂದು ಸಲ ಕೈಯಾಡಿಸಿದರು. ಗುರುರಾಜ್ ಸೆಂಚುರಿ ಹೊಡೆದವರ ಹಾಗೆ ನಿಂತಿದ್ದರು. ನನಗೆ ಬಹಳ ಖುಷಿಯಾಯಿತು. ಹಿಂದೆಯೇ ಸಿಟ್ಟೂ ಬಂತು.

ಆಮೇಲೆ ಸುಮ್ಮನೆ ಹನ್ನೊಂದು ಮನೆಗೆ ನಾನೇ ಫೋನ್ ಮಾಡಿ ನೋಡಿದೆ. ಕಟ್ಟಿಯವರು ಸಿಲ್ಲೋಡ್‌ನಲ್ಲೇ ಇದ್ದರು. ತೀರಿಕೊಂಡ ಹಿರಿಯರ ಹೆಂಡತಿ ಪಟ್ಟಿಯಲ್ಲಿದ್ದಂತೆ ಮಗಳ ಮನೆಯಲ್ಲಿದ್ದರು. ಹನ್ನೊಂದಕ್ಕೆ ಹನ್ನೊಂದೂ ಸರಿ. ಎಪ್ಪತ್ತು ದಾಟಿದ ಹೆಂಗಸು ಎರಡು ದಿನ ತಲೆಯಿಂದ ತೆಗೆದು ಬರೆದದ್ದಕ್ಕೆ ಒಂದು ‘ಭೇಷ್’ ಇಲ್ಲ. ಹಳೆಯ ರೇಡಿಯೋದ ಸ್ಪೀಕರು ಮೂರು ಸೆಕೆಂಡ್ ಕಟಕ್ ಅಂದದ್ದಕ್ಕೆ ‘ಪಕ್ಕಾ’.

ಹಿರೇಮಠರು ದೂರದ ಗಂಗಾಪುರ ರೋಡಿನ ತಮ್ಮ ಮನೆಯಲ್ಲಿದ್ದರು, ಅವರಿಗೆ ತಿಳಿಯಲಿಲ್ಲ ಅಂದರೆ ಒಪ್ಪೋಣ. ಎರಡು ದಿನ ಅದೇ ಮನೆಯಲ್ಲಿ ಚಹಾದ ಟ್ರೇ ಹಿಡಿದು ಕಿಟಕಿ ಪಕ್ಕದ ಅತ್ತೆಯವರನ್ನು ದಾಟಿ ದಾಟಿ ಹಾಲ್‌ಗೆ ಹೋಗಿ ‘ಭಾರೀ ಆಗಿದೆ’ ಅಂದ ನನಗೆ ಏನಾಗಿತ್ತು?