ಶ್ರಾವಣದ ಬಿರುಕು

ಹುಸೇನ್ ಕಾಕಾ, ನಿಮ್ಮ ಊರಿನ ನೀರು ಕೆಡಿಸಿದವನು ನಾನು. ನೀವಲ್ಲ. ನೀರು ಬಿಡುವ ಕೆಲಸದಿಂದ ನಿಮ್ಮನ್ನು ತೆಗೆದ ದಿನವೇ ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ ಎಂದರೆ ಕಡಿಮೆಯಾದೀತು — ಅದಕ್ಕಿಂತ ಹೊಲಸು ಕೆಲಸ ಮಾಡಿದೆ.

ಕರಜಗಿ ಕಡೆಯ ನಿಮ್ಮ ಊರ ರಸ್ತೆಯಡಿ ಕಾಲುವೆಗಾಗಿ ಸುರಂಗ ಕೊರೆಸುತ್ತಿದ್ದ ಎಂಜಿನಿಯರ್ ನಾನು. ಒಳಗೆ ಮಣ್ಣು ವಿಪರೀತ ಕುಸಿದು ಬಂತು. ಕೆಳಗೆ ಮಣ್ಣು ಹೋದರೆ ಮೇಲಿನ ನೆಲ ತಗ್ಗುತ್ತದೆ, ಅದರೊಳಗೆ ಹೂತಿಟ್ಟ ಪೈಪು ಬಾಗುತ್ತದೆ, ಹಳೆ ಪೈಪಾದರೆ ಒಂದಕ್ಕೊಂದು ಸೇರಿಸಿದ ಜೋಡು ಬಾಯಿ ಬಿಡುತ್ತದೆ — ಇಷ್ಟು ತಿಳಿಯದವನಲ್ಲ ನಾನು. ರಸ್ತೆ ನಡುವೆ ಬಿರುಕು ಕಂಡು ಊರವರು ಕೇಳಿದರು. ಎರೆ ನೆಲ, ಬೇಸಿಗೆಯಲ್ಲಿ ಬಿರಿದದ್ದು ಇನ್ನೂ ಕೂಡಿಲ್ಲ ಎಂದೆ. ಮಳೆ ತಡವಾದ ವರ್ಷ, ನಂಬಿದರು. ಆದರೆ ಆಗ ಶ್ರಾವಣ. ಮಳೆ ಕುಡಿದು ಹೊಲದ ಬಿರುಕುಗಳೆಲ್ಲ ಮುಚ್ಚಿದ್ದವು. ಇದೊಂದೇ ಅಗಲವಾಗುತ್ತಿತ್ತು. ನೀರು ಬಂದ್ ಮಾಡಿಸಿ, ಪೈಪು ಅಗೆದು ನೋಡಬೇಕಿತ್ತು. ಕೆಲಸ ನಿಂತೀತೆಂದು ಬಿರುಕಿಗೆ ಮಣ್ಣು ತುಂಬಿಸಿಬಿಟ್ಟೆ.

ಬಿಟ್ಟ ಜೋಡಿನೊಳಗೆ ಚರಂಡಿ ನೀರು ಇಳಿಯಿತು. ಓಣಿಗೆ ಓಣಿಯೇ ವಾಂತಿಭೇದಿಯಿಂದ ಮಲಗಿತು, ನಿಮ್ಮ ಹೆಂಡತಿಯೂ. ಸಭೆ ಕೂಡಿತು, ಎಲ್ಲರ ಬೆರಳು ನಿಮ್ಮ ಮೇಲೆ. ನೀವು ನನ್ನ ಕಡೆ ತಿರುಗಿದಿರಿ.

"ನೀವರೆ ಹೇಳ್ರಿ ಸಾಹೇಬ್ರ, ನಾ ಏನ್ ತಪ್ಪ ಮಾಡೇನಿ?"

ನಾನು ಹೇಳಿದೆ — "ವಾಲ್ವ್ ಒಮ್ಮೆಲೇ ತಿರುವಿದ್ರ ಜೋಡು ಬಿಡ್ತದ್ರಿ."

ಊರಲ್ಲಿ ವಾಲ್ವ್ ತಿರುವುವವರು ನೀವೊಬ್ಬರೇ. ಯಾರೂ ಸುಳ್ಳೆನ್ನಲಾರದ ಮಾತು, ಅದಕ್ಕೇ ಆರಿಸಿಕೊಂಡೆ. ಥೂ, ನನ್ನ ಓದಿಗಿಷ್ಟು.

ನಿನ್ನೆ ಜೇವರ್ಗಿಯಲ್ಲಿ ನೀವೀಗ ಇರುವ ನಿಮ್ಮ ಮಗಳ ಮನೆ ಹುಡುಕಿ ಬಂದು ಎಲ್ಲ ಹೇಳಿದೆ. ಬೈದಿದ್ದರೆ ಹಗುರಾಗುತ್ತಿತ್ತೇನೋ — ನೋಡಿ, ಆಗಲೂ ನನ್ನದೇ ಚಿಂತೆ. ನೀವು ಚಹಾ ತರಿಸಿದಿರಿ. ಕಪ್ಪು ನನ್ನ ಕಡೆ ಸರಿಸಿ ಅಂದಿರಿ.

"ನನಗ ಹೇಳಿ ಏನ್ ಮಾಡ್ತೀರಿ? ಊರಿಗಿ ಹೇಳ್ರಿ. ನನ್ನ ಹೆಂಡ್ತಿ ಸಾಯೂತನಕ ನನ್ನ ಮ್ಯಾಲೇ ಅನುಮಾನ ಇಟ್ಕೊಂಡಿದ್ಲು."

ಹೇಳುತ್ತೇನೆ, ಕಾಕಾ. ಬರುವ ಗ್ರಾಮಸಭೆಯಲ್ಲಿ, ಅದೇ ಜನರೆದುರು ನಿಂತು. ಮೇಲಿನವರಿಗೂ ಬರೆದುಕೊಡುತ್ತೇನೆ. ನೌಕರಿ ಹೋದರೆ ಹೋಗಲಿ, ಕೇಸಾದರೆ ಆಗಲಿ. ತಪ್ಪು ನಿಮ್ಮದಲ್ಲವೆಂದು ಊರು ಒಪ್ಪುವ ತನಕ ಅಲ್ಲಿಂದ ಕದಲುವುದಿಲ್ಲ. ಆ ತಾಯಿಗೆ ಮಾತ್ರ — ಅವರು ಬದುಕಿದ್ದಷ್ಟು ದಿನವೂ ಹೇಳಬಹುದಿತ್ತು. ಹೇಳಲಿಲ್ಲ.