ಬಾಣಂತಿ ಕೋಣೆಯ ಹುಳ

ನಮ್ಮೂರು ಮರಳಿಯಲ್ಲಿ ಮುದಕಮ್ಮನ ಕಾಲ ಮೇಲೆ ಮಲಗಿ ಚೀರಾಡದೆ ದೊಡ್ಡವರಾದವರು ಕಡಿಮೆ. ನಾನೂ ಚೀರಾಡಿದವಳೇ. ಬಾಣಂತಿಗೆ, ಕೂಸಿಗೆ ನೀರೆರೆಯುವುದು ಅವಳ ಕೆಲಸ. ಯಾರ ಮನೆ, ಯಾವ ಜಾತಿ ಎಂದು ಕೇಳುವವಳಲ್ಲ. ನೀರು ಕಾದಿದೆಯೋ ಇಲ್ಲವೋ ಅಷ್ಟೇ ಅವಳಿಗೆ ಬೇಕು. ಬಂದ ದಿನವೇ ಕೋಣೆಯ ಕಿಟಕಿಗೆ ಗೋಣಿಚೀಲ ತುರುಕುತ್ತಾಳೆ, ಬಾಗಿಲ ಸಂದಿಗೂ ಒಂದು ಒತ್ತುತ್ತಾಳೆ. ಗಾಳಿ ಒಳಗೆ ಬರಕೂಡದು. ಅಪ್ಪಿತಪ್ಪಿ ಫ್ಯಾನು ಹಾಕಿದವರಿಗೆ ಅವಳ ಬಾಯಿಂದ ಬಿಡುಗಡೆಯಿಲ್ಲ.

ಈ ಮಳೆಗಾಲದಲ್ಲಿ ಪಕ್ಕದ ಮನೆಯ ಬಡೇಸಾಬನ ಮಗಳು ಖುಷ್ಬು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಹೊರಗೆ ಜಿಟಿಜಿಟಿ ಮಳೆ, ಹಿತ್ತಲಿಗೆ ಹತ್ತಿಕೊಂಡೇ ಗದ್ದೆ, ಒಳಗೆ ಬಚ್ಚಲಿನ ಉಗಿ. ಸ್ವಲ್ಪ ದಿನಕ್ಕೇ ಕೋಣೆಯ ನೆಲದಲ್ಲಿ ಹುಳ ಹರಿದಾಡತೊಡಗಿದವು. ಬೂದಿ ಬಣ್ಣ, ಭತ್ತದ ಕಾಳಿಗಿಂತ ತುಸು ದೊಡ್ಡವು, ಬೆನ್ನಿಗೆ ಒಂದರ ಮೇಲೊಂದು ಪಟ್ಟಿ, ಹೊಟ್ಟೆಯಡಿ ತುಂಬ ಕಾಲು. ಮುಟ್ಟಿದರೆ ಉಂಡೆಯಾಗುವುದಿಲ್ಲ, ಓಡುತ್ತವೆ. ಹಿತ್ತಲಲ್ಲಿ ಹಸಿ ಕಲ್ಲೆತ್ತಿದರೆ ಕಾಣುವಂಥವೇ. ತೊಟ್ಟಿಲ ಕೆಳಗೆ ಕಂಡಾಗ ಮಾತ್ರ ಖುಷ್ಬುವಿನ ತಾಯಿ ಮೆಹಬೂಬಬೀಗೆ ಜೀವ ಬಾಯಿಗೆ ಬಂತು.

"ಯಾ ಅಲ್ಲಾ, ಕೂಸಿನ ಕಿವ್ಯಾಗ ಹೊಕ್ಕರ ಏನ್ ಗತಿ! ಗದ್ದಿಗಿ ತಂದ ಎಣ್ಣಿ ಉಳದೈತಿ, ಹೊಡದಬಿಡ್ರಿ," ಎಂದು ಗಂಡನ ಬೆನ್ನು ಹತ್ತಿದಳು.

ಬೆಳೆಗೆ ಹೊಡೆಯುವ ವಿಷಕ್ಕೆ ನಮ್ಮ ಕಡೆ ಎಣ್ಣೆಯೆಂದೇ ಹೆಸರು. ಬಡೇಸಾಬ ಡಬ್ಬಿ, ಪಂಪು ಎರಡನ್ನೂ ತಂದು ಪಡಸಾಲೆಯಲ್ಲಿಟ್ಟ.

"ಬ್ಯಾಡ ಅಬ್ಬಾ," ಖುಷ್ಬು ಎದ್ದು ಕುಳಿತಳು. "ಹೊಡದ್ರ ಈ ಕೂಸು ಅದನ್ನ ಉಸರಾಡತೈತಿ. ಹುಳಾ ಕಡ್ಯಂಗಿಲ್ಲ, ಕೈಮ್ಯಾಲ ಹತ್ತಿಸಿ ನೋಡೀನಿ."

ಬಾಣಂತಿಗೆ ಮಲಗಿದಲ್ಲೇ ಹೊತ್ತು ಹೋಗಬೇಕಲ್ಲ, ಅವಳು ಆ ಹುಳಗಳನ್ನೇ ನೋಡುತ್ತಿದ್ದಳು. ಕಾವಿಗೆಂದು ಇಟ್ಟ ಕೆಂಡದ ಬೋಗುಣಿಯ ಹತ್ತಿರ ಹೋದವು ಒಣಗಿ ಸತ್ತು ಬೀಳುತ್ತಿದ್ದವು. ಉಳಿದವೆಲ್ಲ ಕಿಟಕಿಯ ಗೋಡೆ ಹತ್ತುತ್ತಿದ್ದವು.

ಅಷ್ಟರಲ್ಲಿ ನೀರೆರೆಯಲು ಮುದಕಮ್ಮ ಬಂದಳು. ಕೂಸನ್ನು ನೋಡಲು ಹೋಗಿದ್ದ ನಾನೂ ಅಲ್ಲೇ ಇದ್ದೆ.

"ಆಯೀ, ಸಿಟ್ಟಾಗಬ್ಯಾಡ್ರಿ. ಹುಳಾ ನಿಮ್ಮ ಚೀಲದಾಗ ಅದಾವ," ಎಂದಳು ಖುಷ್ಬು.

"ನನ್ನ ಚೀಲದಾಗ? ನಿನಗೂ ಇದ ಕೋಣ್ಯಾಗ ಎರದೀನಿ, ಆಗ ಚೀಲ ಇದ್ದಿಲ್ಲೇನು? ಮೊನ್ನೆ ಹಡದಾಕಿ ನನಗ ಹೇಳಾಕ ಬರ್ತಿ!"

ಹಾಗೆನ್ನುತ್ತಲೇ ಚೀಲವನ್ನು ಇನ್ನಷ್ಟು ಬಿಗಿಯಾಗಿ ಒತ್ತಲು ಹೋದಳು. ಹೊರಗಿನಿಂದ ಮಳೆ, ಒಳಗಿನಿಂದ ಉಗಿ ಕುಡಿದು ಅದು ಕೊಳೆತಿತ್ತು. ಕೈ ಒಳಗೆ ಹೋಯಿತು. ಅದರ ಮಡಿಕೆಗಳಿಂದ ಹುಳಗಳು ಪಟಪಟ ಉದುರಿದವು. ಮುದಕಮ್ಮ ಕೈ ಕೊಡವಿದಳು.

"ಚೀಲ ತಗದು ನೆಲಾ ಒಣಗಿಸಿದ್ರ ತಾವ ಹೋಗ್ತಾವ," ಎಂದಳು ಖುಷ್ಬು. "ಇಲ್ಲಾಂದ್ರ ಅಬ್ಬಾ ಎಣ್ಣಿ ಹೊಡೀತಾರ."

ಮುದಕಮ್ಮನಿಗೂ ಒಂದು ಕೂಸು ಹುಟ್ಟಿತ್ತು, ಒಂದೇ ಒಂದು. ಕಿಟಕಿಗೆ ಬಾಗಿಲಿಲ್ಲದ ಗುಡಿಸಲಿನಲ್ಲಿ, ಹೆಸರಿಡುವ ಮೊದಲೇ ತೀರಿಕೊಂಡಿತು. ಗಾಳಿ ಬಡಿಯಿತು ಎಂದಳಂತೆ ಅತ್ತೆ. ನಿಜವೋ ಸುಳ್ಳೋ, ಮುದಕಮ್ಮ ನಂಬಿದಳು. ಊರ ಕಿಟಕಿಗಳಿಗೆಲ್ಲ ಚೀಲ ತುರುಕಿದ್ದು ಆ ಹೆದರಿಕೆಗೇ. ಅವಳ ಬೈಗುಳ ತಿಂದ ನನಗೂ ಆ ಹೊತ್ತು ಅಯ್ಯೋ ಅನಿಸಿತು.

ಪಡಸಾಲೆಯಲ್ಲಿ ಬಡೇಸಾಬ ಪಂಪಿಗೆ ನೀರು ಸುರಿಯುವ ಸದ್ದು ಕೇಳಿತು.

"ಏ ಬಡೇಸಾಬ, ಅದನ್ನ ಹೊರಗ ಒಯ್ಯಿ! ಹಸಗೂಸು ಇರೋ ಮನ್ಯಾಗ ಇಸಾ ಹೊಡೀತಿ? ಮೈಮ್ಯಾಲ ಖಬರ ಐತಿಲ್ಲ?" ಎಂದು ಕೂಗಿದವಳೇ ಚೀಲವನ್ನು ಎರಡೂ ಕೈಯಿಂದ ಎಳೆದು ಹೊರಗೆ ಒಗೆದಳು. ಬಾಗಿಲ ಸಂದಿಯದನ್ನೂ ಕಿತ್ತಳು. ಮೆಹಬೂಬಬೀ ಹುಳಗಳನ್ನು ಗುಡಿಸಿ ಮೊರಕ್ಕೆ ತುಂಬಿದಳು, ನೆಲ ಒರೆಸಿದಳು. ಬಡೇಸಾಬ ಹಿಂದಿನ ಗೋಡೆಗೆ ಒಟ್ಟಿದ್ದ ಹಸಿ ಹುಲ್ಲನ್ನು ದೂರ ಸರಿಸಿದ.

ಗದ್ದೆಯ ತಣ್ಣನೆ ಗಾಳಿ ಒಳಗೆ ನುಗ್ಗಿತು. ಮುದಕಮ್ಮ ಹೆದರಿದ್ದಳು. ತೊಟ್ಟಿಲಿನಿಂದ ಕೂಸನ್ನೆತ್ತಿ ಸೆರಗಿನಲ್ಲಿ ಸುತ್ತಿ ಎದೆಗವುಚಿಕೊಂಡಳು, ಕಿಟಕಿಗೆ ಬೆನ್ನು ಕೊಟ್ಟು ಕುಳಿತಳು.

"ಯವ್ವಾ, ನೀರು ಕಾದಾವ," ಎಂದಳು ಮೆಹಬೂಬಬೀ.

"ಆರಲಿ ಬಿಡು. ನೆಲಾ ಒಣಗೂತನಾ ನಾ ಏಳಂಗಿಲ್ಲ. ಗಾಳಿ ಬಡದ್ರ ನನಗ ಬಡೀಲಿ."