ಅಜ್ಮತ್ ಉಲ್ಲಾನ ಗ್ಯಾಸು

ಗುಂಡ್ಲುಪೇಟೆಯ ಅಜ್ಮತ್ ಉಲ್ಲಾ ಹನ್ನೊಂದು ವರ್ಷ ಕೇರಳಕ್ಕೆ ತರಕಾರಿ ಲಾರಿ ಓಡಿಸಿದ. ರಾತ್ರಿ ಒಂಬತ್ತಕ್ಕೆ ದಾರಿಯಲ್ಲಿರುವ ಕಾಡಿನ ಗೇಟು ಹಾಕುತ್ತಾರೆ. ತಪ್ಪಿದರೆ ಬೆಳಗಿನ ಆರರವರೆಗೂ ಅಲ್ಲೇ ಬಿದ್ದಿರಬೇಕು. ಅಷ್ಟರಲ್ಲಿ ಆ ಕಡೆಯ ಮಾರ್ಕೆಟ್ಟು ಮುಗಿದು ಟೊಮ್ಯಾಟೊ ದಂಡ. ಲೋಡು ತಡವಾಗಿ ಹಾಕುವುದು ಮಂಡಿಯವರ ಹಕ್ಕು, ಗೇಟಿಗೆ ಮುಂಚೆ ಮುಟ್ಟುವುದು ಡ್ರೈವರನ ಕರ್ಮ.

ಮೂರು ತಿಂಗಳಿಂದ, ಸಂಜೆ ಲೋಡಿಗೆ ಹಗ್ಗ ಬಿಗಿಯುವ ಹೊತ್ತಿಗೆ ಅವನ ಎದೆ ಹಿಡಿದುಕೊಳ್ಳುತ್ತಿತ್ತು. ಅಂಗೈ ಬೆವರಿ ಸ್ಟೇರಿಂಗು ಜಾರುತ್ತಿತ್ತು. ನಮ್ಮ ಕಡೆ ಎದೆಯೊಳಗೆ ಏನೇ ಆದರೂ ಅದಕ್ಕೆ ಒಂದೇ ಹೆಸರು: ಗ್ಯಾಸು. ಮಂಡಿ ಎದುರಿನ ಸೋಡಾ ಅಂಗಡಿಯ ಸೋಮಣ್ಣ ಅದರ ಸ್ಪೆಷಲಿಸ್ಟು. ಬೋರ್ಡು ಬರೆಸುವುದೊಂದು ಬಾಕಿ.

"ಗ್ಯಾಸ್ ಕಣ್ಲಾ ಅಜ್ಮತ್ತು. ಉಪ್ಪಾಕಿ ಜೀರಿಗೆ ಸೋಡಾ ಕುಡ್ದ್‌ಬುಡು, ಒಂದ್ ತೇಗು ಬಂದ್ರೆ ಓಯ್ತು."

"ತೇಗು ಬತ್ತದೆ ಸೋಮಣ್ಣ. ಎದೆ ಇಡ್ದಿದ್ದು ಬುಡಾಕಿಲ್ವಲ್ಲ?"

"ಅಂಗಾರೆ ಎಲ್ಡು ನಿಂಬೆಣ್ಣು ಇಂಡ್ಬೇಕು."

ಬೆಂಚಿನ ಮೇಲಿದ್ದ ನಾನೂ ಸುಮ್ಮನಿರದೆ, ಟೀ ಬಿಡು ಅಂದೆ.

ಕೊನೆಗೆ ಹೆಂಡತಿ ಅಜೀಜಾ ಹಟ ಹಿಡಿದು ಚಾಮರಾಜನಗರದ ಆಸ್ಪತ್ರೆಗೆ ಎಳೆದೊಯ್ದಳು. ಒಳಗೆ ಇಸಿಜಿ ತೆಗೆದರು. ಡಾಕ್ಟರಮ್ಮ ನಿದ್ದೆ, ಊಟ, ಲಾರಿ, ಗೇಟು ಎಲ್ಲ ಕೇಳಿ, "ಹೃದಯ ಚೆನ್ನಾಗಿದೆ. ಇದು ಮನಸ್ಸಿನ ಒತ್ತಡ. ಒಂದು ತಿಂಗಳು ಲಾರಿ ಹತ್ತಬೇಡಿ. ಮನೆಯವರ ಹತ್ತಿರ ಬಾಯಿ ಬಿಟ್ಟು ಹೇಳಿಕೊಳ್ಳಿ" ಅಂದರು.

ಅಜ್ಮತ್‌ಗೆ ನಿರಾಸೆಯಾಯಿತು. ಹಾರ್ಟು ಅಂದರೆ ಅದಕ್ಕೊಂದು ಮರ್ಯಾದೆ. ಜನ ಮೂಸಂಬಿ ತಂದು ನೋಡಿಕೊಂಡು ಹೋಗುತ್ತಾರೆ. ಮನಸ್ಸು ಅಂದರೆ ಮಂಡಿಯಲ್ಲಿ ಲಾರಿಯ ಬೀಗದಕೈ ಕೊಡುವವರು ಯಾರು? ಚೀಟಿ ಮಡಚಿ ಜೇಬಿಗಿಟ್ಟು, ಹೊರಗೆ ಕಾದಿದ್ದ ಅಜೀಜಾಳಿಗೆ, "ಗ್ಯಾಸಂತೆ" ಅಂದ.

ಸೋಡಾ ಅಂಗಡಿಯಲ್ಲಿ ಸೋಮಣ್ಣನ ಎದೆ ಒಂದು ಗೇಣು ಉಬ್ಬಿತು. "ಡಾಕ್ಟ್ರು ಇವತ್ತು ಏಳವ್ರೆ. ನಾ ಅವತ್ತೇ ಏಳಿರ್ನಿಲ್ವಾ?" ಎಲ್ಲರೂ ನಕ್ಕೆವು. ಅಜ್ಮತ್ತೂ ನಕ್ಕ. ಗ್ಲಾಸು ಹಿಡಿದ ಅಂಗೈಯನ್ನು ಅವನು ಮತ್ತೆ ಮತ್ತೆ ಅಂಗಿಗೆ ಒರೆಸಿಕೊಳ್ಳುತ್ತಿದ್ದುದನ್ನು ನಾನು ನೋಡಿದೆ. ಸೋಡಾ ತಣ್ಣಗಿರಬೇಕು ಅಂದುಕೊಂಡೆ.

ಡಾಕ್ಟರಮ್ಮನನ್ನು ನೋಡಿ ಬಂದ ಒಂಬತ್ತನೆಯ ದಿನ. ಗೇಟಿಗೆ ಇನ್ನು ಎರಡೇ ಕಿಲೋಮೀಟರು, ಕೈಯಲ್ಲಿ ಹತ್ತು ನಿಮಿಷ. ಬೇಕಾದಷ್ಟು ಹೊತ್ತಿತ್ತು. ಆದರೂ ಎದೆ ಹಿಡಿದು, ಕಣ್ಣು ಮಂಜಾಗಿ, ಲಾರಿ ರಸ್ತೆ ಬಿಟ್ಟು ಹುಣಸೆಮರಕ್ಕೆ ಗುದ್ದಿತು. ಆಸ್ಪತ್ರೆಯಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ನಾನು ನೋಡಲು ಹೋದಾಗ ಗಂಡ ಹೆಂಡತಿ ಉರ್ದುವಿನಲ್ಲಿ ಮಾತಾಡುತ್ತಿದ್ದರು. ಅರ್ಥವಾಗುವಷ್ಟು ಉರ್ದು ನನಗೂ ಬರುತ್ತದೆ.

"ಅವತ್ತು ಡಾಕ್ಟರಮ್ಮ ಗ್ಯಾಸು ಅನ್ನಲಿಲ್ಲ. ಲಾರಿ ಹತ್ತಬೇಡ ಅಂದಿದ್ದರು. ಗೇಟು ನೆನೆಸಿಕೊಂಡರೇ ನನಗೆ ಹೆದರಿಕೆ ಆಗ್ತಿತ್ತು."

ಅಜೀಜಾ ಹೊದಿಕೆ ಸರಿಮಾಡುತ್ತಿದ್ದಳು. "ಗೊತ್ತಿತ್ತು. ಬ್ರೇಕು ಅಂದುಕೊಂಡು ನಿದ್ದೆಯಲ್ಲಿ ದಿನಾ ನನ್ನ ಕಾಲು ತುಳೀತಿದ್ರಿ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಮಗೆ ಅವಮಾನ ಆಗುತ್ತೆ ಅಂತ, ನಾನೇ ಕಾಲು ಆಚೆ ಇಟ್ಟುಕೊಂಡು ಮಲಗ್ತಿದ್ದೆ."